ಒಂದ್ನಿಮಿಷ, ಪುಟ್ಟಾ

ಮಗಳಿಗೆ ಆಗ ನಾಲ್ಕು ವರ್ಷ. ಮಧ್ಯಾಹ್ನದ ಹೊತ್ತು. ನಾನು ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದೆ. ಅವಳು ಪಕ್ಕದ ಕೋಣೆಯಲ್ಲಿ ಗೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು ಮನೆಯಾಟ ಆಡುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಮೊದಲು ಅವಳು ಅಮ್ಮ ಆದಳು. ಹೊರಗಿನಿಂದ ಬಂದಂತೆ ಮಾಡಿ, ಹೆಗಲ ಮೇಲೆ ಇಲ್ಲದ ಬ್ಯಾಗನ್ನು ಇಳಿಸಿದಳು. ಮೂಲೆಗೆ ಹೋಗಿ ಮೊಣಕೈವರೆಗೂ ಉಜ್ಜಿ ಉಜ್ಜಿ ಕೈ ತೊಳೆದಳು. ಆಮೇಲೆ ಎರಡೂ ತೋಳು ಅಗಲಿಸಿ, "ಎಲ್ಲಿ ನನ್ ಬಂಗಾರ?" ಎಂದು ಕೂಗಿ, ಗೊಂಬೆಗಳನ್ನೆಲ್ಲ ಬಾಚಿ ತಬ್ಬಿಕೊಂಡಳು.

ಆಮೇಲೆ ಅಪ್ಪ ಆದಳು. ಗೋಡೆಗೆ ಒರಗಿ ಕೂತಳು. ಮರದ ತುಂಡೊಂದನ್ನು ಕಿವಿಗೆ ಹಿಡಿದಳು. ಗೊಂಬೆಯ ಕಡೆ ತಿರುಗಿಯೂ ನೋಡದೆ ತೋರುಬೆರಳು ಎತ್ತಿ, "ಒಂದ್ನಿಮಿಷ, ಪುಟ್ಟಾ" ಎಂದಳು. ಗೊಂಬೆ ಕಾಯಿತು. ಮತ್ತೆ "ಒಂದ್ನಿಮಿಷ" ಎಂದಳು. ಗೊಂಬೆ ಕಾಯುತ್ತಲೇ ಇತ್ತು. ಆಟ ಅಷ್ಟೇ. ಮುಂದೆ ಏನೂ ನಡೆಯಲಿಲ್ಲ.

ನನ್ನ ಕೈಯಲ್ಲಿದ್ದ ಟವೆಲ್ ಅಲ್ಲೇ ನಿಂತಿತು. ಯಾಕೆಂದರೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವಳು ಅಮ್ಮ. ಮಗಳಿಗೋಸ್ಕರ ಕೆಲಸ ಬಿಟ್ಟು, ದಿನವಿಡೀ ಅವಳ ಜೊತೆ ಮನೆಯಲ್ಲಿದ್ದವನು ನಾನು.

ಮಕ್ಕಳಿಗೆ ಯಾವುದು ಒಳ್ಳೆಯದು, ಅಪ್ಪ ಅಮ್ಮ ಮನೆಯಲ್ಲೇ ಇರುವುದಾ ಅಥವಾ ದುಡಿಯಲು ಹೋಗುವುದಾ ಎಂಬ ಮಾತು ಬಂದಾಗೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಎರಡೂ ಕಡೆ ಇದ್ದು ಬಂದವನು ನಾನು. ನನಗೆ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ನರ್ಸ್. ಐಸಿಯುನಲ್ಲಿ ಕೆಲಸ. ವಾರ ವಾರ ಶಿಫ್ಟ್ ಬದಲಾಗುತ್ತದೆ. ನಾನು ಕಟ್ಟಡಗಳ ಪ್ಲಾನ್ ಹಾಕುವವನು. ಮಗಳು ಹುಟ್ಟಿದ ಮೇಲೆ ಹೆಂಡತಿ ಒಂಬತ್ತು ತಿಂಗಳು ರಜೆಯಲ್ಲಿದ್ದಳು. ಆಮೇಲೆ ಇಬ್ಬರೂ ಕೆಲಸಕ್ಕೆ ಹೋದೆವು. ಮಗುವನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದರು. ತುಂಬಾ ಒಳ್ಳೆಯವರು. ಪ್ರತಿದಿನ ಸಂಜೆ ನಾಲ್ಕಕ್ಕೆ ಮಗಳಿಗೆ ಶೂ ಹಾಕಿ ಹೊರಗೆ ಸುತ್ತಾಡಿಸಿಕೊಂಡು ಬರುತ್ತಿದ್ದರು. ಎಂಟು ತಿಂಗಳ ನಂತರ ಅವರು ತಮ್ಮ ಮನೆಯ ಕಾರಣಕ್ಕೆ ಕೆಲಸ ಬಿಡಬೇಕಾಯಿತು. ಅವರು ಹೋದ ಮೇಲೆ ಸುಮಾರು ಮೂರು ವಾರ, ನಾಲ್ಕು ಗಂಟೆ ಆಗುತ್ತಿದ್ದಂತೆ ಮಗಳು ತನ್ನ ಶೂ ಎರಡನ್ನೂ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ. ಹೊಸದಾಗಿ ಬಂದವರು ಇದನ್ನು ಹೇಳಿದಾಗ ನಾವು "ಪಾಪ, ಮರೀತಾಳೆ ಬಿಡಿ" ಅಂದೆವು. ಮರೆತಳು ಕೂಡ. ಆದರೆ ಹೊಸಬರೂ ಎರಡು ತಿಂಗಳಿಗೆ ಹೋದರು. ಅವರ ನಂತರ ಬಂದವರು ಮೂರು ತಿಂಗಳಿದ್ದರು. ಆಮೇಲೆ ಡೇ ಕೇರ್. ಅಲ್ಲೂ ನೋಡಿಕೊಳ್ಳುವವರು ಬದಲಾಗುತ್ತಲೇ ಇದ್ದರು.

ಬೆಳಗ್ಗೆ ಬಿಟ್ಟುಬರುವಾಗ ಮಗಳು ಅಳುವುದನ್ನು ನಿಲ್ಲಿಸಿದಳು. ಹೊಂದಿಕೊಂಡಳು ಅಂತ ಎಲ್ಲರೂ ಖುಷಿಪಟ್ಟರು. ನಾನೂ ಖುಷಿಪಟ್ಟೆ. ಹೆಂಡತಿ ಮಾತ್ರ ಒಂದು ದಿನ ಹೇಳಿದಳು: "ಅವಳು ಅಲ್ಲಿ ಯಾರ ಹೆಸರನ್ನೂ ಹೇಳಲ್ಲ, ಗಮನಿಸಿದ್ಯಾ? ಮೊದಲನೆಯವರ ಹೆಸರು ದಿನಕ್ಕೆ ಐವತ್ತು ಸಲ ಹೇಳ್ತಿದ್ಲು." ನಿಜ. ಮಗಳು ಯಾರ ಹೆಸರನ್ನೂ ಕಲಿಯುವುದನ್ನೇ ಬಿಟ್ಟಿದ್ದಳು. ಎರಡೂವರೆ ವರ್ಷದ ಮಗು ಅದು.

ಅವತ್ತು ರಾತ್ರಿ ಇಬ್ಬರೂ ಕೂತು ಮಾತಾಡಿದೆವು. ಒಬ್ಬರು ಸ್ವಲ್ಪ ಕಾಲ ಮನೆಯಲ್ಲಿರೋಣ ಎಂದು ತೀರ್ಮಾನ ಆಯಿತು. ಯಾರು? ಹೆಂಡತಿ ನೇರವಾಗಿ ಹೇಳಿದಳು: "ನಾನು ಕೆಲಸ ಬಿಟ್ಟರೆ ಅಳ್ತಾ ಬಿಡಬೇಕು. ಅದು ಅವಳಿಗೂ ಒಳ್ಳೇದಲ್ಲ." ನನಗೆ ಹಾಗೇನೂ ಅನಿಸಲಿಲ್ಲ. ಮಗಳ ಜೊತೆ ಇರಬೇಕು ಎಂಬ ಆಸೆಯೇ ಜಾಸ್ತಿ ಇತ್ತು. ಮುಂದಿನ ತಿಂಗಳು ನಾನು ಕೆಲಸ ಬಿಟ್ಟೆ.

ಆಮೇಲೆ ಬಂದ ಪ್ರಶ್ನೆಗಳನ್ನು ಇಲ್ಲಿ ಹೇಳಲೇಬೇಕು. ನನ್ನನ್ನು ಕೇಳಿದ್ದು ಒಂದೇ: "ಯಾಕೆ, ಕೆಲಸ ಹೋಯ್ತಾ?" ಹೆಂಡತಿಯನ್ನು ಕೇಳಿದ್ದು: "ಅಷ್ಟು ಸಣ್ಣ ಮಗೂನ ಬಿಟ್ಟು ಹೇಗಮ್ಮ ಹೋಗ್ತೀಯ? ಮನಸ್ಸು ಬರುತ್ತಾ?" ಅದಕ್ಕೂ ಮೊದಲು ನಾನು ವರ್ಷಗಟ್ಟಲೆ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಿದ್ದೆ. ಮನಸ್ಸು ಬರುತ್ತಾ ಎಂದು ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಈ ಪ್ರಶ್ನೆಯೇ ಅಮ್ಮಂದಿರ ಕಡೆ ಮಾತ್ರ ಬೆರಳು ತೋರಿಸುತ್ತದೆ. ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಮಗುವಿನ ಕ್ಷೇಮದ ಮಾತು ಎನ್ನುತ್ತಾರೆ. ಹಾಗಿದ್ದರೆ ಮಗುವಿಗೆ ಇಬ್ಬರು ಇದ್ದಾರಲ್ಲ?

ಇದಕ್ಕೆ ಒಂದು ಹಳೆಯ ಬೇರೂ ಇದೆ. ಎರಡನೇ ಮಹಾಯುದ್ಧದ ನಂತರ ಮನೆ-ಮಠ ಕಳೆದುಕೊಂಡ ಮಕ್ಕಳ ಬಗ್ಗೆ ವರದಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಜಾನ್ ಬೌಲ್ಬಿ ಎಂಬ ಇಂಗ್ಲಿಷ್ ಮನೋವೈದ್ಯರನ್ನು ಕೇಳಿತ್ತು. 1951ರಲ್ಲಿ ಅವರ ವರದಿ ಬಂತು. ಮಗುವಿಗೆ ತಾಯಿಯ ಅಥವಾ ತಾಯಿಯ ಜಾಗದಲ್ಲಿ ಕಾಯಂ ಆಗಿ ನಿಲ್ಲುವ ಒಬ್ಬರ, ಬೆಚ್ಚಗಿನ, ಕಡಿಯದ ಸಂಬಂಧ ಬೇಕು ಎಂಬುದು ಅದರ ತಿರುಳು. ಅದು ಹೆಚ್ಚಾಗಿ ನೋಡಿದ್ದು ಅನಾಥಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಯಾರೂ ಇಲ್ಲದೆ ಬೆಳೆದ ಮಕ್ಕಳನ್ನು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಅಮ್ಮನ ಮಗುವೇ ಬೇರೆ, ಆ ಮಕ್ಕಳೇ ಬೇರೆ. ಆದರೂ ಮುಂದೆ ಈ ಮಾತನ್ನೇ ಹಿಡಿದು ದುಡಿಯುವ ಅಮ್ಮಂದಿರನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿದರು. ನಾನು ಆ ಮಾತನ್ನು ಓದುವಾಗ ನನ್ನ ಕಣ್ಣು ನಿಂತದ್ದು "ಕಾಯಂ" ಎಂಬಲ್ಲಿ. ಶೂ ಎತ್ತಿಕೊಂಡು ಬಾಗಿಲಲ್ಲಿ ನಿಂತ ಮಗಳು ನೆನಪಾದಳು. ಅವಳಿಗೆ ನಾವು ಕೆಲಸಕ್ಕೆ ಹೋಗಿದ್ದಕ್ಕಿಂತ, ಒಬ್ಬರಾದ ಮೇಲೆ ಒಬ್ಬರು ಬಿಟ್ಟು ಹೋಗಿದ್ದೇ ಜಾಸ್ತಿ ನೋವು ಕೊಟ್ಟಿತ್ತು ಅಂತ ನನಗೆ ಈಗ ಅನಿಸುತ್ತದೆ.

ಮನೆಯಲ್ಲಿದ್ದ ಮೊದಲ ಆರು ತಿಂಗಳು ಚೆನ್ನಾಗಿತ್ತು. ಮಗಳು ಅರಳಿದಳು. ಬೇರೆ ಮಾತು ಸಿಗುತ್ತಿಲ್ಲ. ನಿದ್ದೆ ಸರಿಹೋಯಿತು. ಮಾತು ಜಾಸ್ತಿಯಾಯಿತು. ಮಹಡಿ ಮೆಟ್ಟಿಲು ಎಣಿಸುತ್ತಾ ಹತ್ತುವುದು, ಇರುವೆ ಸಾಲಿನ ಹಿಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಹೋಗುವುದು, ಇದೇ ನಮ್ಮ ದಿನಚರಿ.

ಆಮೇಲೆ ನಿಧಾನವಾಗಿ ಬೇರೆ ಏನೋ ಶುರುವಾಯಿತು. ದುಡ್ಡಿಗೂ ಆಯಿತು, ಕೈಯೂ ಮರೆಯಬಾರದು ಎಂದು ಸಣ್ಣ ಪುಟ್ಟ ಡ್ರಾಯಿಂಗ್ ಕೆಲಸ ಒಪ್ಪಿಕೊಂಡೆ. ಸೈಟ್‌ನಿಂದ ಫೋನ್ ಯಾವ ಹೊತ್ತಿಗೆ ಬರುತ್ತದೆ ಎಂದು ಹೇಳಲಾಗದು. ಮಗಳು ನೀರಿನಲ್ಲಿ ಆಡುತ್ತಿದ್ದರೆ ನಾನು ಒಂದು ಕೈಯಲ್ಲಿ ಫೋನ್ ಹಿಡಿದು ಬೀಮಿನ ಅಳತೆ ಹೇಳುತ್ತಿದ್ದೆ. ಅದಕ್ಕಿಂತ ದೊಡ್ಡದು ಒಂಟಿತನ. ದಿನಕ್ಕೆ ಹತ್ತು ಗಂಟೆ ದೊಡ್ಡವರ ಜೊತೆ ಒಂದು ಮಾತೂ ಇಲ್ಲ. ಪಾರ್ಕಿನಲ್ಲಿ ಅಮ್ಮಂದಿರ ಗುಂಪು ನನ್ನನ್ನು ನೋಡಿ ನಗುತ್ತಿತ್ತು, ಆದರೆ ಜಾಗ ಬಿಡುತ್ತಿರಲಿಲ್ಲ. ಹಳೆಯ ಸಹೋದ್ಯೋಗಿಗಳು ಫೋನ್ ಮಾಡುವುದನ್ನು ನಿಲ್ಲಿಸಿದರು. ಸಂಜೆ ಹೊತ್ತಿಗೆ ನನಗೆ ಸುಮ್ಮಸುಮ್ಮನೆ ಸುಸ್ತಾಗುತ್ತಿತ್ತು. ಮಗಳು ಕರೆದರೆ ಉತ್ತರ ಬಾಯಿಂದ ಬರುತ್ತಿತ್ತು, ಮುಖದಿಂದ ಬರುತ್ತಿರಲಿಲ್ಲ. ಮನೆಯಲ್ಲಿದ್ದೆ. ಅವಳ ಜೊತೆ ಇರಲಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲ ಎಂದು ಆಮೇಲೆ ತಿಳಿಯಿತು. 2012ರಲ್ಲಿ ಅಮೆರಿಕದಲ್ಲಿ ಗ್ಯಾಲಪ್ ಎಂಬ ಸಮೀಕ್ಷೆ ಸಂಸ್ಥೆ 60,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತಾಡಿಸಿತ್ತು. ಹದಿನೆಂಟರೊಳಗಿನ ಮಕ್ಕಳಿದ್ದು ಮನೆಯಲ್ಲೇ ಇರುವ ಅಮ್ಮಂದಿರಲ್ಲಿ ನೂರಕ್ಕೆ 28 ಮಂದಿ ತಮಗೆ ಎಂದಾದರೂ ಖಿನ್ನತೆ ಇದೆ ಎಂದು ವೈದ್ಯರು ಹೇಳಿದ್ದುಂಟು ಎಂದರು. ಕೆಲಸಕ್ಕೆ ಹೋಗುವ ಅಮ್ಮಂದಿರಲ್ಲಿ ಆ ಸಂಖ್ಯೆ 17. ಮನೆಯಲ್ಲಿರುವುದೇ ಕಾಯಿಲೆ ತರುತ್ತದೆ ಎಂದು ಇದರಿಂದ ಹೇಳಲಾಗದು. ಖಿನ್ನತೆಯ ಕಾರಣಕ್ಕೇ ಕೆಲಸ ಬಿಟ್ಟವರೂ ಇರಬಹುದು. ಕೆಲಸ ಸಿಗದೆ ಮನೆಯಲ್ಲಿ ಉಳಿದವರೂ ಇರಬಹುದು. ಆದರೂ "ಮನೆಯಲ್ಲಿದ್ದಾಳೆ, ಅವಳಿಗೇನು ಕಷ್ಟ" ಎನ್ನುವವರ ಮುಂದೆ ಆ ಎರಡು ಅಂಕಿಗಳನ್ನು ಇಡಬೇಕು ಅನಿಸುತ್ತದೆ.

ಮುಖದ ಮಾತು ಹೇಳಿದೆ. ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಗೊಂಬೆಯಾಟ ನೋಡಿದ ಕೆಲವು ದಿನಕ್ಕೆ ಒಂದು ಪ್ರಯೋಗದ ವಿಡಿಯೋ ನೋಡಿದೆ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಶುರುಮಾಡಿದ್ದು ಅದು. ಅಮ್ಮ ತನ್ನ ಕೂಸಿನ ಎದುರು ಕೂತು ಎಂದಿನಂತೆ ನಗಿಸುತ್ತಾಳೆ, ಮಾತಾಡಿಸುತ್ತಾಳೆ. ಆಮೇಲೆ ಒಂದೆರಡು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುತ್ತಾಳೆ. ಎದ್ದು ಹೋಗುವುದಿಲ್ಲ. ಅಲ್ಲೇ ಇರುತ್ತಾಳೆ, ಮಗುವನ್ನೇ ನೋಡುತ್ತಿರುತ್ತಾಳೆ. ಮಗು ಮೊದಲು ನಗುತ್ತದೆ. ಬೆರಳು ತೋರಿಸುತ್ತದೆ. ಕೈ ಚಾಚುತ್ತದೆ. ಕಿರುಚುತ್ತದೆ. ಕೊನೆಗೆ ಮುಖ ತಿರುಗಿಸಿ, ಮೈ ಕುಸಿದು ಅಳುತ್ತದೆ. ಇಷ್ಟೆಲ್ಲ ಎರಡೇ ನಿಮಿಷದಲ್ಲಿ. ನಾನು ಆ ವಿಡಿಯೋವನ್ನು ಪೂರ್ತಿ ನೋಡಲಾಗದೆ ನಿಲ್ಲಿಸಿ, ಮರುದಿನ ಮತ್ತೆ ಹಾಕಿದೆ. ಒಳ್ಳೆಯದಾಯಿತು. ಯಾಕೆಂದರೆ ಕೊನೆಯಲ್ಲಿ ಅಮ್ಮನ ಮುಖಕ್ಕೆ ಜೀವ ಬರುತ್ತದೆ. ಮಗು ಸ್ವಲ್ಪ ಮುನಿಸು ತೋರಿಸಿ, ಮತ್ತೆ ಅವಳ ಜೊತೆ ಸೇರಿಕೊಳ್ಳುತ್ತದೆ.

ಅದೇ ಟ್ರಾನಿಕ್ ಇನ್ನೊಂದು ಮಾತನ್ನೂ ತೋರಿಸಿದ್ದರು. ಅದು ನನ್ನನ್ನು ಉಳಿಸಿತು. ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ತಾಳ ಕೂಡುವುದು ಒಟ್ಟು ಹೊತ್ತಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರವಂತೆ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಹುಡುಕಿಕೊಳ್ಳುವುದು, ಸರಿಮಾಡಿಕೊಳ್ಳುವುದು. ಮಗು ಕಲಿಯುವುದು ಆ ಸರಿಮಾಡಿಕೊಳ್ಳುವಲ್ಲೇ. ನಾನು ದಿನವಿಡೀ ಮಗಳ ಮುಖ ನೋಡುತ್ತಾ ಕೂರಬೇಕಿಲ್ಲ ಎಂದು ಆಗ ಗೊತ್ತಾಯಿತು. ಆದರೆ ಹಿಂದಿರುಗಿ ಬರಬೇಕಿತ್ತು. "ಒಂದ್ನಿಮಿಷ" ಅಂದ ಮೇಲೆ ಆ ನಿಮಿಷ ಮುಗಿಯಬೇಕಿತ್ತು. ನನ್ನದು ಮುಗಿಯುತ್ತಲೇ ಇರಲಿಲ್ಲ.

ಹೆಂಡತಿ ಬಂದು ತೋಳು ಅಗಲಿಸುತ್ತಿದ್ದಳು ಎಂದೆ. ಹಾಗಂತ ಕೆಲಸಕ್ಕೆ ಹೋಗುವವರದ್ದೆಲ್ಲ ಸಲೀಸು ಅಂತ ತಿಳಿಯಬೇಡಿ. ಐಸಿಯುನಲ್ಲಿ ಜನ ಕಡಿಮೆಯಾಗಿ, ಅವಳಿಗೆ ಒಂದರ ಹಿಂದೆ ಒಂದು ನೈಟ್ ಡ್ಯೂಟಿ ಬಿದ್ದ ಎರಡು ತಿಂಗಳು ಇದ್ದವು. ಬೆಳಗ್ಗೆ ಬಂದು ಕೈ ತೊಳೆದು ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಮಗಳು ಅವಳ ಕಾಲ ಮೇಲೆ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಅಮ್ಮ ಅಲುಗಾಡಿದರೆ ಅವು ಬೀಳುತ್ತಿದ್ದವು. ಮಗಳು ಸಿಟ್ಟಿನಿಂದ ಕಿರುಚುತ್ತಿದ್ದಳು. ಆ ಎರಡು ತಿಂಗಳು ಮಗಳ ಹಟ ಹೇಗಿತ್ತೆಂದರೆ, ಸಾಕ್ಸ್ ಹಾಕುವುದಕ್ಕೂ ಯುದ್ಧ. ರಾತ್ರಿ ಪಾಳಿ, ಹೊತ್ತುಗೊತ್ತಿಲ್ಲದ ಶಿಫ್ಟ್‌ಗಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಇದನ್ನೇ ಹೇಳುತ್ತವೆ: ಅಂಥ ಕೆಲಸಕ್ಕೂ ಮಕ್ಕಳ ನಡವಳಿಕೆಯ ತೊಂದರೆಗೂ ನಂಟಿದೆ. ಆ ನಂಟಿನ ಹಾದಿ ಅಪ್ಪ ಅಮ್ಮಂದಿರ ದಣಿವು, ಬೇಸರ, ಮನೆಯ ಬಿಗುವು. ಶಿಫ್ಟ್ ಸರಿಹೋದ ಮೇಲೆ ನಮ್ಮ ಮನೆಯ ಸಾಕ್ಸ್ ಯುದ್ಧವೂ ನಿಂತಿತು.

ಮಕ್ಕಳನ್ನೇ ಕೇಳಿದರೆ ಏನು ಹೇಳುತ್ತಾರೆ? ಎಲೆನ್ ಗ್ಯಾಲಿನ್‌ಸ್ಕಿ ಎಂಬ ಅಮೆರಿಕದ ಸಂಶೋಧಕಿ ಹಾಗೆ ಕೇಳಿಯೇ ಬಿಟ್ಟರು. 1999ರಲ್ಲಿ ಅದರ ಫಲಿತಾಂಶ ಬಂತು. ಮೂರನೇ ತರಗತಿಯಿಂದ ಹನ್ನೆರಡನೇ ತರಗತಿವರೆಗಿನ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಒಂದು ಪ್ರಶ್ನೆ: ನಿಮ್ಮ ಅಪ್ಪ ಅಮ್ಮನ ಕೆಲಸದಿಂದ ನಿಮ್ಮ ಬದುಕಿನ ಮೇಲೆ ಆಗುವುದರಲ್ಲಿ ಒಂದನ್ನು ಬದಲಾಯಿಸಬಹುದು ಎಂದರೆ ಏನು ಬೇಡುತ್ತೀರಿ? ಮಕ್ಕಳು ಏನು ಹೇಳಬಹುದು ಎಂದು ಅಪ್ಪ ಅಮ್ಮಂದಿರನ್ನೂ ಕೇಳಿದರು. ಅರ್ಧಕ್ಕಿಂತ ಜಾಸ್ತಿ ಜನ, "ನಮ್ಮ ಜೊತೆ ಇನ್ನೂ ಹೆಚ್ಚು ಹೊತ್ತು ಬೇಕು ಅಂತಾರೆ" ಎಂದರು. ಮಕ್ಕಳಲ್ಲಿ ಹಾಗೆ ಬೇಡಿದವರು, ಅಮ್ಮನ ವಿಷಯದಲ್ಲಿ, ಹತ್ತರಲ್ಲಿ ಒಬ್ಬರು ಮಾತ್ರ. ಮೂವರಲ್ಲಿ ಒಬ್ಬರು ಬೇಡಿದ್ದು, ಅಮ್ಮನಿಗೆ ಇಷ್ಟು ಸುಸ್ತು, ಇಷ್ಟು ಒತ್ತಡ ಇರಬಾರದು ಅಂತ.

ಇದನ್ನು ಓದಿ ನಾನು ಹೆಂಡತಿಗೆ ತೋರಿಸಿದೆ. ಅವಳು ಓದಿ ಸುಮ್ಮನಿದ್ದಳು. ಆಮೇಲೆ, "ಮಕ್ಕಳು ನಮ್ಮನ್ನ ಕಾಯ್ತಿರ್ತಾರೆ ಅಂದ್ಕೊಂಡಿದ್ದೆ. ನಮ್ಮನ್ನ ನೋಡ್ಕೊಳ್ತಾ ಇರ್ತಾರೆ" ಅಂದಳು.

ಆಮೇಲೆ ಏನು ಮಾಡಿದೆವು ಎಂದು ಕೇಳುವವರಿಗೆ ಹೇಳುತ್ತೇನೆ. ದೊಡ್ಡದೇನೂ ಮಾಡಲಿಲ್ಲ. ನನ್ನ ಡ್ರಾಯಿಂಗ್ ಕೆಲಸಕ್ಕೆ ಹೊತ್ತು ಗೊತ್ತುಮಾಡಿಕೊಂಡೆ. ಮಗಳು ಮಧ್ಯಾಹ್ನ ಮಲಗಿದಾಗ, ಮತ್ತು ಹೆಂಡತಿಗೆ ರಜೆ ಇದ್ದ ದಿನ ಬೆಳಗ್ಗೆ. ಉಳಿದ ಹೊತ್ತು ಫೋನ್ ಮೇಜಿನ ಡ್ರಾಯರ್ ಒಳಗೆ. ಆ ಡ್ರಾಯರ್ ಸ್ವಲ್ಪ ಬಿಗಿ. ಮುಚ್ಚಿದರೆ ಟಪ್ ಎಂದು ಸದ್ದಾಗುತ್ತದೆ. ಒಂದು ವಾರ ಕಳೆಯುವುದರೊಳಗೆ ಮಗಳಿಗೆ ಆ ಸದ್ದಿನ ಗುರುತು ಹತ್ತಿತು. ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಟಪ್ ಎಂದ ಕೂಡಲೇ ಓಡಿ ಬರುತ್ತಿದ್ದಳು. ಆ ಓಟದ ಸದ್ದು, ಬರಿಗಾಲಿನ ಸಣ್ಣ ಸದ್ದು, ಈಗಲೂ ನನ್ನ ಕಿವಿಯಲ್ಲಿದೆ.

"ಒಂದ್ನಿಮಿಷ" ಎನ್ನುವುದನ್ನು ಬಿಟ್ಟೆ. ಕೆಲಸ ಇರುವುದಂತೂ ಇದ್ದೇ ಇರುತ್ತದೆ. ಹಾಗಾಗಿ, "ಈ ಐದು ಅಂಗಿ ಮಡಿಸಿ ಬರ್ತೀನಿ" ಎನ್ನತೊಡಗಿದೆ. ಅವಳು ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಐದು ಆದರೆ ಐದೇ. ಆರನೆಯದಕ್ಕೆ ಕೈ ಹಾಕುವಂತಿರಲಿಲ್ಲ. ನಿಮಿಷ ಎಂದರೆ ಎಷ್ಟು ಅಂತ ನಾಲ್ಕು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಐದು ಅಂಗಿ ಗೊತ್ತಾಗುತ್ತದೆ.

ಇನ್ನೊಂದು, ವಾರದಲ್ಲಿ ಎರಡು ಸಂಜೆ ನನಗೆ ಅಂತ ಇಟ್ಟುಕೊಂಡೆ. ನಡೆಯಲು ಹೋಗುತ್ತಿದ್ದೆ, ಸ್ನೇಹಿತರ ಜೊತೆ ಕೂರುತ್ತಿದ್ದೆ. ಅದನ್ನು ಕೇಳಲು ನನಗೆ ಮೂರು ತಿಂಗಳು ಬಾಯಿ ಬಂದಿರಲಿಲ್ಲ. ಮನೆಯಲ್ಲಿರುವವರಿಗೆ ವಿರಾಮ ಯಾಕೆ ಎಂದು ನಾನೇ ಅಂದುಕೊಂಡಿದ್ದೆ. ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೇಳಿ. ಬೇಗ ಕೇಳಿ.

ಅತ್ತೆಗೆ ಮಾತ್ರ ಸಮಾಧಾನ ಇರಲಿಲ್ಲ. "ನೀವು ಎಷ್ಟೇ ಮಾಡಿದ್ರೂ ತಾಯಿ ಮಡಿಲು ತಾಯಿ ಮಡಿಲೇ" ಎನ್ನುತ್ತಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಆದರೆ ಮಾತು ಚುಚ್ಚುತ್ತಿತ್ತು. 2014ರಲ್ಲಿ ಇಸ್ರೇಲಿನ ಸಂಶೋಧಕಿ ರೂತ್ ಫೆಲ್ಡ್‌ಮನ್ ಮತ್ತು ಅವರ ತಂಡ ಅಪ್ಪ ಅಮ್ಮಂದಿರ ಮೆದುಳಿನ ಸ್ಕ್ಯಾನ್ ಮಾಡಿ ಒಂದು ಅಧ್ಯಯನ ಪ್ರಕಟಿಸಿದ್ದರು. ಮಗುವಿನ ಪೂರ್ತಿ ಹೊಣೆ ಹೊತ್ತ ಅಮ್ಮಂದಿರಲ್ಲಿ, ಮಗುವಿಗೆ ಏನಾದರೂ ಆದೀತು ಎಂದು ಸದಾ ಕಿವಿ ನೆಟ್ಟಿರುವ ಮೆದುಳಿನ ಭಾಗ ತುಂಬಾ ಚುರುಕಾಗಿತ್ತು. ಅಮ್ಮನಿಗೆ ಕೈಜೋಡಿಸುವ ಅಪ್ಪಂದಿರಲ್ಲಿ ಅಷ್ಟಿರಲಿಲ್ಲ. ಆದರೆ ಮನೆಯಲ್ಲಿ ಅಮ್ಮನೇ ಇಲ್ಲದೆ, ಹುಟ್ಟಿದಾಗಿನಿಂದ ಪೂರ್ತಿ ಹೊಣೆ ಹೊತ್ತ ಅಪ್ಪಂದಿರಲ್ಲಿ ಅದು ಅಮ್ಮಂದಿರಷ್ಟೇ ಚುರುಕಾಗಿತ್ತು. ಅತ್ತೆಗೆ ಇದನ್ನು ಹೇಳಲಿಲ್ಲ. ಒಂದು ರಾತ್ರಿ ಮಗಳಿಗೆ ಜ್ವರ ಬಂದಿತ್ತು. ಅತ್ತೆ ನಮ್ಮ ಮನೆಯಲ್ಲೇ ಇದ್ದರು. ಮಗಳು ಮಗ್ಗುಲು ಬದಲಾಯಿಸಿದ ಸದ್ದಿಗೇ ನಾನು ಎದ್ದು ಕೂತಿದ್ದನ್ನು ಅವರು ನೋಡಿದರು. ಆಮೇಲೆ ಆ ಮಾತನ್ನು ಅವರು ಮತ್ತೆ ಆಡಲಿಲ್ಲ.

ಮಗಳಿಗೆ ಐದು ತುಂಬುವ ಹೊತ್ತಿಗೆ ಮಗ ಹುಟ್ಟಿದ. ಅವನಿಗೆ ಒಂದು ವರ್ಷ ಆದಾಗ ನಾನು ಮತ್ತೆ ಪೂರ್ತಿ ಕೆಲಸಕ್ಕೆ ಸೇರಿದೆ. ಈ ಸಲ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆವು. ನೋಡಿಕೊಳ್ಳುವವರು ಬದಲಾಗಬಾರದು. ನಮ್ಮ ಬೇರೆ ಖರ್ಚು ಕಡಿಮೆ ಮಾಡಿ ಅವರಿಗೆ ಒಳ್ಳೆಯ ಸಂಬಳ ಕೊಟ್ಟೆವು. ವಾರದ ರಜೆ, ಕಾಯಿಲೆ ಬಂದರೆ ಸಂಬಳ ಕಡಿಯದ ರಜೆ. ಅವರು ನಾಲ್ಕು ವರ್ಷ ನಮ್ಮ ಜೊತೆ ಇದ್ದರು. ಮಗ ಅವರನ್ನು ದೊಡ್ಡಮ್ಮ ಎನ್ನುತ್ತಾನೆ, ಇವತ್ತಿಗೂ. ಅಪ್ಪ ಅಮ್ಮ ಇಬ್ಬರೂ ಹೊರಗೆ ದುಡಿಯುವ ಮನೆಯಲ್ಲಿ ಬೆಳೆದ ಹುಡುಗ ಅವನು. ಗಟ್ಟಿಯಾಗಿ, ನಿರಾಳವಾಗಿ ಇದ್ದಾನೆ.

ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ 1,300ಕ್ಕೂ ಹೆಚ್ಚು ಮಕ್ಕಳನ್ನು ಹತ್ತು ಕಡೆ ಆರಿಸಿ, ಅವರು ಹದಿಹರೆಯಕ್ಕೆ ಬರುವವರೆಗೂ ಹಿಂಬಾಲಿಸಿದ ದೊಡ್ಡ ಅಧ್ಯಯನ ಒಂದಿದೆ. ಅಮ್ಮ ಅಲ್ಲದೆ ಬೇರೆಯವರು ನೋಡಿಕೊಂಡರು ಎಂಬ ಒಂದೇ ಕಾರಣಕ್ಕೆ ಮಗುವಿಗೂ ಅಮ್ಮನಿಗೂ ಇರುವ ನಂಟು ಸಡಿಲವಾಗುವುದಿಲ್ಲ ಎಂದು ಅದರಲ್ಲಿ ಕಂಡಿತು. ಹೊರಗಿನ ಆರೈಕೆ ಒಳ್ಳೆಯದಾಗಿದ್ದರೆ ಭಾಷೆ, ಕಲಿಕೆ ಸ್ವಲ್ಪ ಮುಂದೆ. ಸಣ್ಣ ವಯಸ್ಸಿನಲ್ಲಿ ಡೇ ಕೇರ್‌ನಲ್ಲಿ ಕಳೆದ ಗಂಟೆಗಳು ತೀರಾ ಜಾಸ್ತಿಯಾದರೆ ಹಟ, ಜಗಳ ಸ್ವಲ್ಪ ಹೆಚ್ಚು. ಇದನ್ನೂ ಮುಚ್ಚಿಡಬಾರದು. ಆದರೆ ಈ ಎಲ್ಲಕ್ಕಿಂತ ಜಾಸ್ತಿ ತೂಗಿದ್ದು ಮನೆಯೇ. ಅಪ್ಪ ಅಮ್ಮ ಮಗುವಿಗೆ ಹೇಗೆ ಸ್ಪಂದಿಸುತ್ತಾರೆ, ಮನೆಯ ಸ್ಥಿತಿ ಹೇಗಿದೆ ಎಂಬುದು.

ಎರಡು ದೇಶಗಳ ಕಥೆ ಇಲ್ಲಿ ಹೇಳಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ಎಲ್ಲರಿಗೂ ಕೈಗೆಟಕುವ ದರದ ಡೇ ಕೇರ್ ಶುರುಮಾಡಿತು. ಸಾವಿರಾರು ಅಮ್ಮಂದಿರು ಕೆಲಸಕ್ಕೆ ಹೋದರು. ಆದರೆ 2008ರಲ್ಲಿ ಬಂದ ಒಂದು ಅಧ್ಯಯನ, ಆ ಸಣ್ಣ ಮಕ್ಕಳಲ್ಲಿ ಆತಂಕ, ಸಿಟ್ಟು ಜಾಸ್ತಿಯಾಯಿತು ಎಂದಿತು. ನಾರ್ವೆಯಲ್ಲಿ 1998ರಲ್ಲಿ ಬೇರೆ ದಾರಿ ಹಿಡಿದರು. ಸರ್ಕಾರಿ ನೆರವಿನ ಡೇ ಕೇರ್‌ಗೆ ಕಳಿಸದೆ ಪುಟ್ಟ ಮಗುವನ್ನು ನೋಡಿಕೊಳ್ಳುವವರಿಗೆ ದುಡ್ಡು ಕೊಟ್ಟರು. ಹಾಗೆ ಪುಟ್ಟ ಮಗುವಿಗೋಸ್ಕರ ಅಮ್ಮ ಮನೆಯಲ್ಲಿ ಉಳಿದಾಗ, ಅದೇ ಮನೆಯಲ್ಲಿ ಆಗಲೇ ಶಾಲೆಗೆ ಹೋಗುತ್ತಿದ್ದ ಅಕ್ಕ ಅಣ್ಣಂದಿರು ಹತ್ತನೇ ತರಗತಿಯಲ್ಲಿ ಸ್ವಲ್ಪ ಹೆಚ್ಚು ಅಂಕ ತೆಗೆದರು. ಹಾಗಾದರೆ ಮನೆಯಲ್ಲಿರುವುದೇ ಮೇಲು ಎನ್ನಬಹುದಾ? ನಾನು ಹಾಗೆ ಓದುವುದಿಲ್ಲ. ಕ್ವಿಬೆಕ್‌ನಲ್ಲಿ ಡೇ ಕೇರ್ ಬೇಗ ಬೇಗ ಬೆಳೆಯಿತು, ಎಲ್ಲ ಕಡೆ ಗುಣಮಟ್ಟ ಒಂದೇ ಇರಲಿಲ್ಲ. ನಾರ್ವೆಯಲ್ಲಿ ಮನೆಯಲ್ಲಿ ಉಳಿದವರ ಕೈಯಲ್ಲಿ ದುಡ್ಡಿತ್ತು, ಆಯ್ಕೆ ಇತ್ತು. ನಮ್ಮ ಮಗಳ ಡೇ ಕೇರ್‌ಗೂ ಮಗನ ದೊಡ್ಡಮ್ಮನಿಗೂ ಇದ್ದ ವ್ಯತ್ಯಾಸ ಕಂಡವನಿಗೆ ಇದು ಬೇಗ ಅರ್ಥವಾಗುತ್ತದೆ.

ಆಯ್ಕೆ ಎಂದೆ. ಅದೇ ಎಲ್ಲರಿಗೂ ಇಲ್ಲ. ಒಬ್ಬರೇ ಮಗು ಸಾಕುವವರಿಗೆ, ದಿನಗೂಲಿಯವರಿಗೆ, ಒಂದು ದಿನ ಹೋಗದಿದ್ದರೆ ಅಂದಿನ ದುಡ್ಡು ಇಲ್ಲದವರಿಗೆ "ಮನೆಯಲ್ಲಿರಬೇಕಿತ್ತು" ಎಂದು ಬುದ್ಧಿ ಹೇಳುವುದು ಕ್ರೂರ. ಹಾಗೆಯೇ ಮನಸಾರೆ ಮನೆಯಲ್ಲಿ ಉಳಿದವರನ್ನು "ಓದಿದ್ದೆಲ್ಲ ದಂಡ ಮಾಡಿದೆ" ಎನ್ನುವುದೂ ಕ್ರೂರ. ಸ್ವೀಡನ್ 1974ರಲ್ಲೇ ಹೆರಿಗೆ ರಜೆಯನ್ನು ಅಪ್ಪ ಅಮ್ಮ ಇಬ್ಬರೂ ಹಂಚಿಕೊಳ್ಳುವ ರಜೆಯಾಗಿ ಮಾಡಿತು. ಈಗ ಅಲ್ಲಿ ಒಂದು ಮಗುವಿಗೆ 480 ದಿನ. ಅದರಲ್ಲಿ ತೊಂಬತ್ತು ತೊಂಬತ್ತು ದಿನ ಒಬ್ಬೊಬ್ಬರಿಗೇ ಮೀಸಲು, ಇನ್ನೊಬ್ಬರಿಗೆ ಕೊಡುವಂತಿಲ್ಲ. ಮಗುವಿನ ಕ್ಷೇಮದ ಬಗ್ಗೆ ನಿಜವಾಗಿ ಚಿಂತೆ ಇದ್ದರೆ ಮಾತಾಡಬೇಕಾದದ್ದು ಇಂಥದರ ಬಗ್ಗೆ.

ಇನ್ನು ದುಡಿಯುವ ಅಮ್ಮಂದಿರಿಗೆ ಒಂದು ಮಾತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಮೆಗಿನ್ ಮತ್ತು ಜೊತೆಯವರು 29 ದೇಶಗಳ ಜನರ ಮಾಹಿತಿ ನೋಡಿದ್ದಾರೆ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಮುಂದೆ ತಾವೂ ಕೆಲಸದಲ್ಲಿರುವುದು ಜಾಸ್ತಿ. ಗಂಡುಮಕ್ಕಳು ಮನೆಯವರ ಆರೈಕೆಗೆ ಕೊಡುವ ಹೊತ್ತು ಜಾಸ್ತಿ. ದೊಡ್ಡವರಾದ ಮೇಲೆ ಸಂತೋಷವಾಗಿದ್ದೀರಾ ಎಂದರೆ, ಅಮ್ಮ ಮನೆಯಲ್ಲಿದ್ದವರಷ್ಟೇ ಸಂತೋಷವಾಗಿದ್ದೇವೆ ಎಂದರು. ನನ್ನ ಹೆಂಡತಿ ಎಷ್ಟು ರಾತ್ರಿ ಡ್ಯೂಟಿಗೆ ಹೋಗುವ ಮೊದಲು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತಿದ್ದಾಳೆ ಅಂತ ನನಗೆ ಗೊತ್ತು. ಆ ಅಂಕಿಗಳು ಆಗಲೇ ಅವಳ ಕೈಗೆ ಸಿಕ್ಕಿದ್ದರೆ ಎಂದು ಅನಿಸುತ್ತದೆ.

ಮಗಳಿಗೆ ಈಗ ಹನ್ನೆರಡು ವರ್ಷ. ಸಣ್ಣ ಮಕ್ಕಳ ಜೊತೆ ಅಮ್ಮ ಎಷ್ಟು ಗಂಟೆ ಇರುತ್ತಾಳೆ ಎಂಬುದಕ್ಕೂ ಮಗುವಿನ ಓದು, ನಡವಳಿಕೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ ಎಂದು ಸಮಾಜಶಾಸ್ತ್ರಜ್ಞೆ ಮೆಲಿಸ್ಸಾ ಮಿಲ್ಕಿ ಮತ್ತು ಜೊತೆಯವರು 2015ರಲ್ಲಿ ಬರೆದಿದ್ದರು. ಅದರ ಜೊತೆಗೇ ಇನ್ನೊಂದು ಮಾತಿತ್ತು. ಹದಿಹರೆಯದಲ್ಲಿ ಮಾತ್ರ ಅಪ್ಪ ಅಮ್ಮ ಮನಸ್ಸಿಟ್ಟು ಜೊತೆ ಕಳೆಯುವ ಹೊತ್ತು ತೂಗುತ್ತದೆ ಎಂದು. ಮಕ್ಕಳು ದೊಡ್ಡವರಾದರು, ಇನ್ನು ನಮ್ಮ ಅಗತ್ಯ ಇಲ್ಲ ಎಂದು ನಾವು ಕೈ ಬಿಡುವ ವಯಸ್ಸು ಅದು.

ಅವಳು ಹಗಲು ಮಾತಾಡುವುದಿಲ್ಲ. ಶಾಲೆ ಹೇಗಿತ್ತು ಎಂದರೆ "ಚೆನ್ನಾಗಿತ್ತು", ಅಷ್ಟೇ. ಆದರೆ ರಾತ್ರಿ ಒಂಬತ್ತೂವರೆ ಹತ್ತರ ಹೊತ್ತಿಗೆ ನಾನು ಬಟ್ಟೆ ಮಡಿಸಲು ಕೂತರೆ ಬರುತ್ತಾಳೆ. ಎದುರಿಗೆ ಕೂರುವುದಿಲ್ಲ. ಮಂಚದ ಅಂಚಿಗೆ, ನನಗೆ ಬೆನ್ನು ಅರ್ಧ ತಿರುಗಿಸಿ ಕೂರುತ್ತಾಳೆ. ಒಂದು ಸಾಕ್ಸ್ ಎತ್ತಿಕೊಂಡು ಅದರ ಜೋಡಿ ಹುಡುಕುತ್ತಾ, ಯಾವುದೋ ಗೆಳತಿ ಮಾತು ಬಿಟ್ಟ ವಿಷಯ ಶುರುಮಾಡುತ್ತಾಳೆ. ನಾನು ಪ್ರಶ್ನೆ ಕೇಳಿದರೆ ಮಾತು ನಿಲ್ಲುತ್ತದೆ. ಬಟ್ಟೆ ಮುಗಿದರೂ ನಿಲ್ಲುತ್ತದೆ, "ಸರಿ, ಮಲಗ್ತೀನಿ" ಎಂದು ಎದ್ದುಬಿಡುತ್ತಾಳೆ.

ಮೊನ್ನೆ ಬುಟ್ಟಿ ಖಾಲಿಯಾಗಿತ್ತು. ಅವಳ ಮಾತು ಇನ್ನೂ ಅರ್ಧದಲ್ಲಿತ್ತು. ಮಡಿಸಿಟ್ಟ ಟವೆಲ್ ಒಂದನ್ನು ಮೆಲ್ಲಗೆ ಎಳೆದುಕೊಂಡು, ಅವಳಿಗೆ ಕಾಣದಂತೆ ಬಿಚ್ಚಿ, ಮತ್ತೆ ಮಡಿಸತೊಡಗಿದೆ.